ತಕ್ಕಡಿಯೂ ಬೀಸುಕಲ್ಲೂ: ‘ಡಯಾಬ್ಲೊ’ ಎರಡನೆಯ ಭಾಗದ ವಿಮರ್ಶೆ

ಕೃತಿಯೊಂದು ವಿಮರ್ಶೆಗೆ ಯೋಗ್ಯವಾಗಬೇಕಾದರೆ ಅದು ಗ್ರಂಥರೂಪದಲ್ಲಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ಬಯಲಾಟವು ಅಚ್ಚಿನ ಮುಖವನ್ನು ಕಾಣುವ ಮೊದಲೇ ಅದರ ಗುಣದೋಷಗಳನ್ನು ಅಗಸಿಯ ಕಟ್ಟೆಯ ಮೇಲೆ ಕುಳಿತು ಹಿರಿಯರು ತೂಗುತ್ತಿದ್ದರು. ಕುಸ್ತಿಯ ಕಣದಲ್ಲಿ ಹಾಕಿದ ಪಟ್ಟು ಸರಿಯೋ ತಪ್ಪೋ ಎಂಬ ವಾದವು ಅಲಂಕಾರಶಾಸ್ತ್ರದ ವಾದಕ್ಕಿಂತ ಕಡಿಮೆ ಸೂಕ್ಷ್ಮವಾದದ್ದಲ್ಲ. ಹೀಗಿರಲು, ಗಣಕಯಂತ್ರದ ಆಟವೆಂಬ ಹೊಸ ಪ್ರಕಾರವನ್ನು ಮಾತ್ರ ಹೊರಗೆ ನಿಲ್ಲಿಸುವದು ನ್ಯಾಯವಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದ ಓದಲಿಕ್ಕೂ ದುಡಿಯಲಿಕ್ಕೂ ಪುಣೆ ಬೆಂಗಳೂರುಗಳಿಗೆ ಹೋದ ತರುಣರಿಗೆ ಅದು ಅಪರಿಚಿತವಲ್ಲ; ಅವರ ತಂದೆತಾಯಿಗಳಿಗಾದರೋ ನಿದ್ದೆ ಕೆಡಿಸುವ ವಸ್ತುವೆಂಬಷ್ಟರ ಮಟ್ಟಿಗೆ ಪರಿಚಿತ. ಇಷ್ಟು ಜನರ ಇಷ್ಟು ರಾತ್ರಿಗಳನ್ನು ಬೇಡುವ ಕೃತಿಯನ್ನು ತೂಗಿ ನೋಡದೆ ಬಿಡುವದು ವಿಮರ್ಶೆಗೆ ಶೋಭಿಸುವದಿಲ್ಲ.

ಇಲ್ಲಿ ಪರೀಕ್ಷೆಗೆ ಎತ್ತಿಕೊಂಡದ್ದು ‘ಡಯಾಬ್ಲೊ’ ಎಂಬ ಆಟದ ಎರಡನೆಯ ಭಾಗ. ಮೊದಲನೆಯ ಭಾಗವು 1996ರ ಕೊನೆಗೆ ಬಂದಿತು. ಎರಡನೆಯದು 2000ದ ಜೂನ್ ತಿಂಗಳಲ್ಲಿ ಹೊರಬಿದ್ದಿತು. ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿದ್ದ ಬ್ಲಿಝರ್ಡ್ ನಾರ್ತ್ ಎಂಬ ಮಂಡಲಿಯು ಇದನ್ನು ರಚಿಸಿತು; ಡೇವಿಡ್ ಬ್ರೆವಿಕ್, ಮ್ಯಾಕ್ಸ್ ಶೇಫರ್, ಎರಿಕ್ ಶೇಫರ್ ಎಂಬವರು ಆ ಮಂಡಲಿಯ ಮೂಲಪುರುಷರು. 2001ರಲ್ಲಿ ‘ಲಾರ್ಡ್ ಆಫ್ ಡಿಸ್ಟ್ರಕ್ಷನ್’ ಎಂಬ ಅನುಬಂಧವು ಸೇರಿ, ನಾಲ್ಕು ಅಂಕಗಳಿದ್ದ ಆಟವು ಐದು ಅಂಕಗಳದ್ದಾಯಿತು. ಐದು ವೇಷಗಳಿದ್ದವು ಏಳಾದವು. ಈ ‘ವೇಷ’ವೆಂಬ ಮಾತನ್ನು ಬಯಲಾಟದಿಂದಲೇ ತೆಗೆದುಕೊಳ್ಳಬಹುದು. ಆಡುವವನು ಮಾಟಗಾತಿಯ ವೇಷವನ್ನಾಗಲಿ, ಪ್ರೇತಗಳನ್ನು ಎಬ್ಬಿಸುವ ಸಾಧಕನ ವೇಷವನ್ನಾಗಲಿ, ಎರಡು ಕೈಯಲ್ಲಿ ಎರಡು ಕೊಡಲಿ ಹಿಡಿದ ಬಾರ್ಬೇರಿಯನ್ ವೀರನ ವೇಷವನ್ನಾಗಲಿ ಧರಿಸಿ, ಸೈತಾನನ ಬೆನ್ನು ಹತ್ತಿ ಪೂರ್ವದಿಕ್ಕಿಗೆ ಹೊರಡುತ್ತಾನೆ. ದಾರಿಯಲ್ಲಿ ಎದುರಾದ ಪಿಶಾಚಿಗಳನ್ನು ಕೊಂದಷ್ಟು ಅನುಭವಾಂಕಗಳು ಬರುವವು. ಅಂಕಗಳು ಕೂಡಿದಂತೆ ವೇಷವು ಒಂದೊಂದು ಮೆಟ್ಟಿಲು ಏರುವದು. ಮೆಟ್ಟಿಲಿಗೊಂದು ವಿದ್ಯಾಂಕವು ದೊರೆಯುವದು. ಅದನ್ನು ಬೆಂಕಿಯ ವಿದ್ಯೆಗೋ ಹಿಮದ ವಿದ್ಯೆಗೋ ಹಾಕಿ ಬೆಳೆಸಬಹುದು. ಬಿದ್ದ ವೈರಿಯ ಬದಿಯಲ್ಲಿ ಹೊನ್ನು, ಆಯುಧ, ಕವಚಗಳು ಚೆಲ್ಲುವವು. ಕಾಡುಮೇಡುಗಳ, ನೆಲಮಾಳಿಗೆಗಳ ವಿನ್ಯಾಸವು ಪ್ರತಿಸಲವೂ ಹೊಸದಾಗಿ ಹೆಣೆಯಲ್ಪಡುವದರಿಂದ ದಾರಿಯು ಬಾಯಿಪಾಠವಾಗುವಂತಿಲ್ಲ.

ದೋಷವನ್ನು ಹೇಳುವ ಮೊದಲು ಗುಣವನ್ನು ಹೇಳುವದು ಧರ್ಮ. ಇಲ್ಲಿ ಅದು ಬರಿಯ ಉಪಚಾರವಾಗದಷ್ಟು ಗುಣವಿದೆ. ಮೊದಲನೆಯ ಅಂಕವು ಅತ್ಯಂತ ಸೊಗಸಾದದ್ದು. ತಮ್ಮ ಮಠವನ್ನು ಪಿಶಾಚಿಗಳಿಗೆ ಕಳೆದುಕೊಂಡ ಸ್ತ್ರೀಯೋಧರು ಬಯಲಿನಲ್ಲಿ ಬಿಡಾರ ಹೂಡಿದ್ದಾರೆ. ಮೇಲೆ ಮಳೆಯ ಮೋಡ. ಹಿನ್ನೆಲೆಯಲ್ಲಿ ಮ್ಯಾಟ್ ಯುಲ್ಮನ್ ಎಂಬ ಸಂಗೀತಗಾರನು ರಚಿಸಿದ ಗಿಟಾರಿನ ವಾದ್ಯವು ಮನೆ ಕಳೆದುಕೊಂಡವರ ಎದೆಯಿಂದಲೇ ಹೊರಟಂತಿದೆ. ಮೊದಲ ಭಾಗದಲ್ಲಿ ಜೀವಂತವಾಗಿದ್ದ ಟ್ರಿಸ್ಟ್ರಮ್ ಎಂಬ ಹಳ್ಳಿಯು ಇಲ್ಲಿ ಉರಿಯುತ್ತಿದೆ. ಅಂದು ವೀರನ ಕತ್ತಿಯನ್ನು ಹದಗೊಳಿಸಿ ಕೊಡುತ್ತಿದ್ದ ಕಮ್ಮಾರ ಗ್ರಿಸ್ವಾಲ್ಡನು ಇಂದು ಹೆಣವಾಗಿ ಎದ್ದು ಮೈಮೇಲೆ ಬರುತ್ತಾನೆ. ಮರಗಾಲಿನ ಹುಡುಗ ವರ್ಟನ ಶವವು ಅಲ್ಲಿಯೇ ಬಿದ್ದಿದೆ. ಅವನ ಮರಗಾಲು ಕೈಗೆ ಸಿಗುವದು. ಈ ಸ್ಥಳದಲ್ಲಿ ಯಾರೂ ಒಂದು ಮಾತನ್ನೂ ಆಡುವದಿಲ್ಲ. ಕರುಣರಸವು ಮಾತಿಲ್ಲದೆಯೇ ನೆಲೆಗೊಂಡಿದೆ. ಆಟದ ತೂಕವೂ ಇಲ್ಲಿ ಸರಿಯಾಗಿದೆ. ಆರನೆಯ ಮೆಟ್ಟಿಲಿಗೊಂದು, ಹನ್ನೆರಡನೆಯ ಮೆಟ್ಟಿಲಿಗೊಂದು ಹೊಸ ವಿದ್ಯೆಯು ತೆರೆಯುವ ಹೊತ್ತಿಗೆ ಅದನ್ನು ಬೇಡುವ ವೈರಿಯೂ ಎದುರಾಗುತ್ತಾನೆ. ಅಂಕದ ಕೊನೆಗೆ ಕಾಣುವ ಆಂಡೇರಿಯಲ್ ಎಂಬ ರಾಕ್ಷಸಿಯು ವಿಷವನ್ನು ಕಾರುವವಳು. ಬಿಡಾರದಲ್ಲಿ ವಿಷಹಾರಿ ಔಷಧವನ್ನು ಕೊಂಡು ಹೋದವನು ಗೆಲ್ಲುತ್ತಾನೆ, ಅವಸರಪಟ್ಟವನು ಸಾಯುತ್ತಾನೆ. ಸೋತವನಿಗೆ ತನ್ನ ಸೋಲಿನ ಕಾರಣವು ತಿಳಿಯುವದು. ಉತ್ತಮವಾದ ಆಟಕ್ಕೆ ಇದಕ್ಕಿಂತ ಹೆಚ್ಚಿನ ಲಕ್ಷಣವು ಬೇಕಿಲ್ಲ.

ಎರಡನೆಯ ಅಂಕದ ಕೊನೆಗೆ ಡ್ಯೂರಿಯಲ್ ಎಂಬ ದೈತ್ಯನು ಕಿರುಕೋಣೆಯೊಂದರಲ್ಲಿ ಕಾದಿರುವನು. ಅವನ ಹೊಡೆತವೂ ಅವನು ಬೀಸುವ ಶೀತವೂ ಅಲ್ಲಿಯ ವರೆಗಿನ ಏರಿಕೆಗೆ ಸಲ್ಲದಷ್ಟು ಜೋರು, ಓಡಲಿಕ್ಕೆ ಜಾಗವಿಲ್ಲ. ತಕ್ಕಡಿಯು ಮೊದಲು ಅಲುಗುವದು ಇಲ್ಲಿಯೇ. ಆದರೂ ಇದೊಂದು ಎಡವಟ್ಟೆಂದು ದಾಟಿ ಹೋಗಬಹುದು. ನಿಜವಾದ ತೊಡಕು ಇರುವದು ಐದು ಅಂಕಗಳು ಮುಗಿದ ಮೇಲೆ.

ಬಾಲ್ ಎಂಬ ಕಡೆಯ ಸೈತಾನನು ಬಿದ್ದೊಡನೆ ಕಥೆಯು ಮುಗಿಯುತ್ತದೆ, ಆಟವು ಮುಗಿಯುವದಿಲ್ಲ. ಅದೇ ಬಿಡಾರ, ಅದೇ ಮಳೆ, ಅದೇ ಆಂಡೇರಿಯಲ್, ಅದೇ ಡ್ಯೂರಿಯಲ್ ‘ನೈಟ್‌ಮೇರ್’ ಎಂಬ ಎರಡನೆಯ ಸುತ್ತಿನಲ್ಲಿ ಮರಳಿ ಬರುವವು. ಅದು ಮುಗಿದರೆ ‘ಹೆಲ್’ ಎಂಬ ಮೂರನೆಯ ಸುತ್ತು. ಒಂದು ಮಾತೂ ಹೊಸದಿಲ್ಲ, ಒಂದು ಊರೂ ಹೊಸದಿಲ್ಲ. ಅಲ್ಲಲ್ಲಿ ವೈರಿಗಳ ಗುಂಪುಗಳು ಅದಲುಬದಲಾಗುವವು. ಉಳಿದಂತೆ ಅವರ ಬಲದ ಸಂಖ್ಯೆ ಬೆಳೆದಿದೆ, ವೀರನ ರಕ್ಷಣೆಯ ಸಂಖ್ಯೆ ಇಳಿದಿದೆ. ಬೆಂಕಿ, ಹಿಮ, ಸಿಡಿಲು, ವಿಷಗಳನ್ನು ತಡೆಯುವ ಶಕ್ತಿಯಲ್ಲಿ ಎರಡನೆಯ ಸುತ್ತಿಗೆ 40, ಮೂರನೆಯ ಸುತ್ತಿಗೆ 100 ಅಂಕಗಳನ್ನು ಆಟವೇ ಕಳೆದುಬಿಡುವದು. ಮಹಾಕಾವ್ಯಕ್ಕೆ ಅಷ್ಟಾದಶವರ್ಣನೆಗಳು ಬೇಕೆಂಬ ಲಕ್ಷಣವನ್ನು ಹಿಡಿದು, ಕಥೆಯು ಸಾಲದಾದಾಗ ಜಲಕ್ರೀಡೆ ಚಂದ್ರೋದಯಗಳಿಂದ ಆಶ್ವಾಸಗಳನ್ನು ತುಂಬಿದ ಕವಿಗಳು ಕನ್ನಡದಲ್ಲಿ ಕಡಿಮೆಯಿಲ್ಲ. ಆದರೆ ಫಲಶ್ರುತಿಯನ್ನು ಹೇಳಿ ಮುಗಿಸಿದ ಮೇಲೆ ಅದೇ ಮೊದಲ ಆಶ್ವಾಸವನ್ನು ಇನ್ನೂ ಗಟ್ಟಿಯಾದ ದನಿಯಲ್ಲಿ ಎರಡು ಸಲ ಓದಿಸಿದ ಕವಿಯು ಅವರಲ್ಲಿಯೂ ಇಲ್ಲ.

ಇಂಗ್ಲಿಷಿನಲ್ಲಿ ಮಾತಾಡುವ ಆಟಗಾರರು ಈ ಪುನರಾವೃತ್ತಿಯ ಶ್ರಮಕ್ಕೆ ‘ಗ್ರೈಂಡಿಂಗ್’ ಎಂದು ಹೆಸರಿಟ್ಟಿದ್ದಾರೆ, ಎಂದರೆ ಬೀಸುವದು. ಬೀಸುವದೆಂದರೇನೆಂಬದನ್ನು ಈ ನಾಲ್ಕು ತಾಲೂಕುಗಳ ಜನಕ್ಕೆ ಹೊರಗಿನವರು ತಿಳಿಸಬೇಕಾಗಿಲ್ಲ. ಡೋಣಿಯ ಬಯಲಿನ ಬಿಳಿಜೋಳವು ರೊಟ್ಟಿಯಾಗುವ ಮೊದಲು ಕಲ್ಲಿನ ಎರಡು ಹೋಳುಗಳ ನಡುವೆ ಹಾಯಬೇಕಾಗಿದ್ದ ಕಾಲವು ಬಹಳ ಹಿಂದಿನದಲ್ಲ. ಕೋಳಿ ಕೂಗುವ ಮುಂಚೆ ಎದ್ದು, ಒಂದು ಕೈಯಲ್ಲಿ ಗೂಟ ಹಿಡಿದು, ಇನ್ನೊಂದು ಕೈಯಿಂದ ಹಿಡಿಹಿಡಿಯಾಗಿ ಕಾಳು ಹಾಕುತ್ತ, ಹೆಣ್ಣುಮಕ್ಕಳು ಕಲ್ಲನ್ನು ತಿರುವುತ್ತಿದ್ದರು. ಅಂದು ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗ, ತ್ರಿಪದಿಯ ಎಂಥ ಐಶ್ವರ್ಯವು ಆ ಬೀಸುಕಲ್ಲಿನ ಸುತ್ತ ಕೂಡಿತ್ತೆಂಬದು ಕನ್ನಡನಾಡಿಗೆಲ್ಲ ತಿಳಿದುಬಂದಿತು. ತವರು, ಅಣ್ಣತಮ್ಮಂದಿರು, ಗಂಡ, ಕೂಸು, ಕಡೆಗೆ ಆ ಕಲ್ಲು ಕೂಡ ಆ ಹಾಡಿಗೆ ವಸ್ತುವಾದವು.

ಇದನ್ನು ನೆನೆದು ಬೀಸುವ ಕೆಲಸವನ್ನೇ ಹಾಡಿ ಹೊಗಳಿದರೆ ಅದು ಎಂದೂ ಬೀಸದವರ ಭಾವುಕತೆಯಾದೀತು. ಬೀಸುವದು ರಟ್ಟೆ ಸೋಲಿಸುವ ಕಷ್ಟ. ಆ ಕಷ್ಟವನ್ನು ಸಹಿಸಲಿಕ್ಕೆಂದೇ ಹಾಡು ಹುಟ್ಟಿತು. ಆದರೂ ಆ ಕಷ್ಟಕ್ಕೆ ಎರಡು ಮರ್ಯಾದೆಗಳಿದ್ದವು. ಮನೆಯ ಮಂದಿಗೆ ಎಷ್ಟು ರೊಟ್ಟಿ ಬೇಕೋ ಅಷ್ಟೇ ಜೋಳ; ಆ ಹಿಟ್ಟು ಬಿದ್ದಮೇಲೆ ಕಲ್ಲು ನಿಲ್ಲುತ್ತಿತ್ತು. ಎರಡನೆಯದಾಗಿ, ಕೈ ದುಡಿಯುತ್ತಿದ್ದರೂ ಮನಸ್ಸು ತನ್ನದಾಗಿತ್ತು. ‘ಡಯಾಬ್ಲೊ’ದ ಬೀಸುವಿಕೆಗೆ ಇವೆರಡೂ ಇಲ್ಲ. ಕಣ್ಣು ಪರದೆಯನ್ನು ಬಿಡುವಂತಿಲ್ಲವಾದ್ದರಿಂದ ಮನಸ್ಸಿಗೆ ಬಿಡುವಿಲ್ಲ. ಆ ಮನಸ್ಸಿಗೆ ಮಾಡಲಿಕ್ಕೆ ಕೆಲಸವೂ ಇಲ್ಲ. ಇನ್ನು ಹಿಟ್ಟಿನ ಅಳತೆಯನ್ನು ಕೇಳಿರಿ. ಆಟದ ಕಡೆಯ ಮೆಟ್ಟಿಲು 99ನೆಯದು. ಅದನ್ನು ಮುಟ್ಟಲಿಕ್ಕೆ ಬೇಕಾದ ಅನುಭವಾಂಕಗಳು 352 ಕೋಟಿಯನ್ನು ಮೀರುವವು. ಅದರ ಮೇಲೆ, 70ನೆಯ ಮೆಟ್ಟಿಲನ್ನು ದಾಟಿದವನ ಗಳಿಕೆಯಲ್ಲಿ ಮೆಟ್ಟಿಲು ಮೆಟ್ಟಿಲಿಗೂ ಹೆಚ್ಚು ಹೆಚ್ಚು ಮುರಿತವಾಗುತ್ತ ಹೋಗಿ, 98ರಲ್ಲಿ ನಿಂತವನಿಗೆ ನೂರು ಗಳಿಸಿದರೆ ಒಂದು ಕೂಡ ಪೂರ್ತಿಯಾಗಿ ಕೈಗೆ ಹತ್ತದಂತಾಗುವದು. ಮೂರನೆಯ ಸುತ್ತಿನಲ್ಲಿ ಒಮ್ಮೆ ಸತ್ತರೆ ಆ ಮೆಟ್ಟಿಲಿಗೆ ಬೇಕಾದ ಗಳಿಕೆಯ ಹತ್ತರಲ್ಲೊಂದು ಪಾಲು ದಂಡ. ಸಾಹುಕಾರನ ಬಡ್ಡಿಯ ಲೆಕ್ಕವನ್ನು ಬಲ್ಲ ಒಕ್ಕಲಿಗನಿಗೆ ಈ ಲೆಕ್ಕವು ಕೂಡಲೇ ಅರ್ಥವಾದೀತು.

ಪುನರಾವೃತ್ತಿಯೇ ದೋಷವೆಂದು ಇದರಿಂದ ಹೊರಡುವದಿಲ್ಲ. ಗರಡಿಯಲ್ಲಿ ಹುಡುಗನು ದಿನವೂ ಅವೇ ಬೈಠಕ್ಕುಗಳನ್ನು ಹೊಡೆಯುತ್ತಾನೆ; ಗಾಯಕನು ಒಂದೇ ಪಲಟವನ್ನು ವರ್ಷಗಟ್ಟಲೆ ತಿದ್ದುತ್ತಾನೆ. ಆದರೆ ವರ್ಷದ ಕೊನೆಗೆ ತೊಡೆಯು ಬೇರೆಯಾಗಿರುತ್ತದೆ, ಕಂಠವು ಬೇರೆಯಾಗಿರುತ್ತದೆ. ಈ ಆಟದ ಮೊದಲ ಸುತ್ತಿನಲ್ಲಿಯೂ ಹಾಗೆಯೇ ಆಗುವದು: ಯಾವ ವೈರಿಯನ್ನು ಮೊದಲು ಹೊಡೆಯಬೇಕು, ಯಾವಾಗ ಹಿಮ್ಮೆಟ್ಟಬೇಕು ಎಂಬದನ್ನು ಕೈಯೂ ಕಣ್ಣೂ ಕಲಿಯುತ್ತವೆ. ಕಲಿತದ್ದು ಮುಗಿದ ಮೇಲೂ ಶ್ರಮವು ನಿಲ್ಲದೆ ಸಾಗಿದಾಗ ಬೆಳೆಯುವದು ವೇಷದ ಮೈಮೇಲಿನ ಸಂಖ್ಯೆ. ಆಡುವವನು ಇದ್ದಲ್ಲಿಯೇ ಇರುತ್ತಾನೆ. ಮೆಫಿಸ್ಟೊ ಎಂಬ ಸೈತಾನನನ್ನು ಸಾವಿರದ ಒಂದನೆಯ ಸಲ ಕೊಲ್ಲುವವನು ನೂರನೆಯ ಸಲ ಕೊಂದವನಿಗಿಂತ ಹೆಚ್ಚು ಬಲ್ಲವನಲ್ಲ.

ಇಂಥ ಶ್ರಮವು ಏಕೆ ಬೇಕಾಯಿತು? ಆಟದ ತಕ್ಕಡಿಯು ತಪ್ಪಿದ್ದರಿಂದ. ಈ ಎರಡು ದೋಷಗಳನ್ನು ಬೇರೆ ಬೇರೆಯಾಗಿ ಎಣಿಸುವ ರೂಢಿಯಿದೆ; ವಸ್ತುತಃ ಅವು ಒಂದೇ ದೋಷದ ಎರಡು ಮುಖಗಳು. ಎದುರಿನ ತಟ್ಟೆಗೆ ಮನಬಂದಷ್ಟು ತೂಕವನ್ನು ಹೇರಿದವನು ಈಚಿನ ತಟ್ಟೆಗೆ ಚಾತುರ್ಯವನ್ನು ಹಾಕಿ ಸರಿದೂಗಿಸುವ ದಾರಿಯನ್ನು ಇಡದಿದ್ದರೆ, ದಿನ ರಾತ್ರಿಗಳನ್ನೇ ಹಾಕಬೇಕಾಗುವದು.

ಎರಡೂ ಪಕ್ಷಗಳು ಸಮವಾಗಿದ್ದರೆ ಮಾತ್ರ ತೂಕವು ಸರಿಯೆಂದು ಯಾರೂ ಭ್ರಮಿಸಬಾರದು. ಗುಡಿಯ ಕಟ್ಟೆಗಳ ಮೇಲೆ ಗೆರೆ ಕೊರೆದು ಆಡುವ ಹುಲಿ-ಕುರಿಯ ಆಟವನ್ನು ನೋಡಿರಿ. ಅದರ ಒಂದು ಬಗೆಯಲ್ಲಿ 3 ಹುಲಿಗಳು, 15 ಕುರಿಗಳು. ಹುಲಿಯು ಕುರಿಯನ್ನು ಹಾರಿ ತಿನ್ನಬಲ್ಲುದು. ಕುರಿಗೆ ತಿನ್ನುವ ಶಕ್ತಿಯೇ ಇಲ್ಲ. ಇಷ್ಟು ವಿಷಮವಾದ ಪಕ್ಷಗಳನ್ನು ಎದುರು ಬದುರು ನಿಲ್ಲಿಸಿದರೂ ಆಟವು ಕೆಡುವದಿಲ್ಲ; ಏಕೆಂದರೆ ಕುರಿಗಳು ಒತ್ತಾಗಿ ನಿಂತರೆ ಹುಲಿಗೆ ಹಾರಲು ಬರಿಯ ಮನೆ ಸಿಗುವದಿಲ್ಲ, ದಾರಿ ಕಟ್ಟಿದರೆ ಹುಲಿಯೇ ಸೆರೆ. ದುರ್ಬಲನ ಬಲವೆಲ್ಲ ಗೆರೆಗಳಲ್ಲಿದೆ. ಕುರಿಯವನು ಸೋತರೆ ‘ಇನ್ನೂ ನೂರು ಕುರಿಗಳನ್ನು ಸಾಕಿ ತಾ’ ಎಂದು ಆಟವು ಅವನನ್ನು ಹೊರಗೆ ಅಟ್ಟುವದಿಲ್ಲ. ಅದೇ 15 ಕುರಿಗಳನ್ನು ಇನ್ನೊಮ್ಮೆ ಜಾಣತನದಿಂದ ಇಡು ಎನ್ನುವದು. ಈ ಆಟವನ್ನು ಕಟ್ಟಿದವನ ಹೆಸರು ಯಾರಿಗೂ ತಿಳಿಯದು. ಆದರೆ ಅವನು ವೈಷಮ್ಯವನ್ನು ತೂಗಬಲ್ಲವನಾಗಿದ್ದನು.

‘ಡಯಾಬ್ಲೊ’ದ ಮೂರನೆಯ ಸುತ್ತಿಗೆ ಬಂದರೆ, ಅಲ್ಲಿಯ ವೈರಿಗಳಲ್ಲಿ ಬಹುಮಂದಿಗೆ ಒಂದಲ್ಲ ಒಂದು ಬಗೆಯ ಹೊಡೆತವು ಸ್ವಲ್ಪವೂ ತಗಲುವದಿಲ್ಲ. ಒಬ್ಬನಿಗೆ ಬೆಂಕಿ ತಗಲದು, ಇನ್ನೊಬ್ಬನಿಗೆ ಹಿಮ ತಗಲದು. ಕೆಲವು ನಾಯಕರಿಗೆ ಎರಡೂ ತಗಲವು. ಎರಡು ಸುತ್ತುಗಳ ಉದ್ದಕ್ಕೂ ತನ್ನ ವಿದ್ಯಾಂಕಗಳನ್ನೆಲ್ಲ ಬೆಂಕಿಯ ವಿದ್ಯೆಗೆ ಸುರಿದು ಬಂದ ಮಾಟಗಾತಿಯು ಇಲ್ಲಿ ಬೆಂಕಿ ತಗಲದ ಗುಂಪಿನೆದುರು ಬರಿಗೈಯಾಗಿ ನಿಲ್ಲುತ್ತಾಳೆ. ಅವಳ ತಪ್ಪಾದರೂ ಏನು? ಒಂದು ವಿದ್ಯೆಯಲ್ಲಿ ಪಾರಂಗತಳಾಗೆಂದು ಆಟವೇ ಅವಳಿಗೆ ಕಲಿಸಿತ್ತು. ಕವಿಯು ತಾನೇ ಹಾಕಿಕೊಟ್ಟ ಛಂದಸ್ಸನ್ನು ನಡುವೆ ಮುರಿದು ವಾಚಕನು ತಪ್ಪು ಓದಿದನೆಂದು ಬೈದಂತೆ ಇದು. ಈ ಅಭೇದ್ಯತೆಯನ್ನು ಕೆಲಮಟ್ಟಿಗೆ ಮುರಿಯಬಲ್ಲ ಆಯುಧವೊಂದು ಇಲ್ಲದಿಲ್ಲ. ಮಂತ್ರಾಕ್ಷರಗಳನ್ನು ಕೆತ್ತಿದ ನಾಲ್ಕು ಕಲ್ಲುಗಳನ್ನು ಕೂಡಿಸಿ ಮಾಡತಕ್ಕ ‘ಇನ್ಫಿನಿಟಿ’ ಎಂಬುದದು. ಆ ನಾಲ್ಕರಲ್ಲಿ ಎರಡು ‘ಬೆರ್’ ಎಂಬ ಅತಿವಿರಳವಾದ ಕಲ್ಲುಗಳು. ಅವು ಸಿಗಬೇಕಾದರೆ ಬೀಸಬೇಕು. ಗುಣವಾಗದ ರೋಗಕ್ಕೆ ಆ ರೋಗವನ್ನೇ ಪಥ್ಯವಾಗಿ ಕೊಟ್ಟಂತಾಯಿತು.

ವೇಷ ವೇಷಗಳ ನಡುವಿನ ತೂಕವೂ ಹೀಗೆಯೇ. ಮಾಟಗಾತಿಗೆ ಒಂದೆಡೆಯಿಂದ ಮಾಯವಾಗಿ ಇನ್ನೊಂದೆಡೆಯಲ್ಲಿ ಕಾಣುವ ವಿದ್ಯೆಯು ಹುಟ್ಟಾ ಲಭ್ಯ. ಬಾರ್ಬೇರಿಯನ್ ವೀರನು ಒಂದೊಂದು ಹೆಜ್ಜೆಗೂ ವೈರಿಗಳನ್ನು ಸೀಳಿ ದಾಟಬೇಕಾದ ಹಾದಿಯನ್ನು ಅವಳು ಕಣ್ಣೆವೆ ಇಕ್ಕುವದರೊಳಗೆ ದಾಟುತ್ತಾಳೆ. ಮೂರನೆಯ ಅಂಕದ ಮೆಫಿಸ್ಟೊ, ಮೂವರು ಸೈತಾನ ಸೋದರರಲ್ಲಿ ಹಿರಿಯನು, ದ್ವೇಷದ ಅಧಿದೇವತೆ. ಮಾಟಗಾತಿಯು ಅವನ ಆಸ್ಥಾನದ ಕಂದಕವನ್ನು ಮಾಯದಿಂದ ದಾಟಿ ಆಚೆಯ ದಂಡೆಯ ಮೇಲೆ ನಿಂತರೆ, ಆ ದ್ವೇಷಮೂರ್ತಿಗೆ ಕಂದಕವನ್ನು ಸುತ್ತಿ ಬರುವಷ್ಟು ಬುದ್ಧಿಯಿಲ್ಲ. ಈಚೆ ನಿಂತು ಏಟು ತಿನ್ನುತ್ತ ಸಾಯುತ್ತಾನೆ. ರೌದ್ರಕ್ಕೆ ಕಟ್ಟಿದ ಸನ್ನಿವೇಶವು ಹಾಸ್ಯಕ್ಕೆ ಇಳಿದಿದೆ. ಸಾವಿರಾರು ಆಟಗಾರರು ಇದನ್ನೇ ದಿನವೂ ಮಾಡಿದರು. ಬೀಸುವವರಿಗೆ ಬೇಕಾದದ್ದು ಹಿಟ್ಟು, ರಸವಲ್ಲ.

ನಾಲ್ಕನೆಯ ಅಂಕದ ಒಂದು ಅನ್ಯಾಯವಂತೂ ಹತ್ತು ವರ್ಷ ಬಾಳಿತು. ಅಲ್ಲಿಯ ಮಂತ್ರವಾದಿ ಯೋಧರು ‘ಐರನ್ ಮೇಡನ್’ ಎಂಬ ಶಾಪವನ್ನು ಹಾಕುತ್ತಿದ್ದರು. ಅದು ತಗಲಿದವನು ವೈರಿಗೆ ಹೊಡೆದ ಏಟು ಹಲವು ಪಟ್ಟಾಗಿ ಅವನ ಮೈಗೇ ಮರಳುತ್ತಿತ್ತು. ದೂರದಿಂದ ಬೆಂಕಿ ಎಸೆಯುವವರಿಗೆ ಇದರಿಂದ ಬಾಧೆಯಿಲ್ಲ. ಕೈಯಾರೆ ಕಾದುವ ವೀರನು ಮಾತ್ರ, ಶಾಪದ ಗುರುತು ಕಣ್ಣಿಗೆ ಬೀಳುವ ಮೊದಲೇ, ತನ್ನ ಶೌರ್ಯದಿಂದಲೇ ಸತ್ತು ಬೀಳುವನು. ಶೌರ್ಯವೇ ನಾಯಕನ ಮೃತ್ಯುವಾಗುವ ವಸ್ತುವು ದುಃಖಾಂತ ನಾಟಕಕ್ಕೆ ಒಪ್ಪಬಹುದು. ಇಲ್ಲಿ ಅದರ ಅರ್ಥವು ದಂಡ ತೆತ್ತು ಮತ್ತೆ ಬೀಸಬೇಕೆಂಬುದಷ್ಟೇ.

ಗ್ರಂಥಸಂಪಾದನೆಯಲ್ಲಿ ಆಸಕ್ತರಾದ ವಾಚಕರಿಗೆ ಈ ಆಟದ ಪಾಠಾಂತರಗಳ ಇತಿಹಾಸವು ರುಚಿಸಬಹುದು. ಇದರ ಕರ್ತೃಗಳು ಕೃತಿಯನ್ನು ಪ್ರಕಟಿಸಿ ಕೈತೊಳೆದುಕೊಂಡವರಲ್ಲ, ತಿದ್ದುತ್ತ ಬಂದರು. 2003ರ ಅಕ್ಟೋಬರದಲ್ಲಿ ಬಂದ 1.10ನೆಯ ಪಾಠವು ಎಲ್ಲಕ್ಕೂ ದೊಡ್ಡ ತಿದ್ದುಪಡಿ. ಅದಕ್ಕೂ ಮೊದಲು ಆಟಗಾರರು ಕೆಳಗಿನ ವಿದ್ಯೆಗಳನ್ನು ಲೆಕ್ಕಿಸದೆ, 30ನೆಯ ಮೆಟ್ಟಿಲಿನ ದೊಡ್ಡ ವಿದ್ಯೆಗಾಗಿ ವಿದ್ಯಾಂಕಗಳನ್ನು ಗಂಟುಕಟ್ಟಿ ಇಡುತ್ತಿದ್ದರು. ಹಾಗಾಗಬಾರದೆಂದು ಒಂದು ವಿದ್ಯೆಯು ಇನ್ನೊಂದಕ್ಕೆ ಬಲ ಕೊಡುವಂತೆ ಈ ಪಾಠದಲ್ಲಿ ಏರ್ಪಡಿಸಿದರು. ಉದ್ದೇಶವು ಒಳ್ಳೆಯದು. ಪರಿಣಾಮವೇನಾಯಿತೆಂದರೆ, ಒಂದು ವಿದ್ಯೆಯನ್ನು ಪೂರ್ಣಗೊಳಿಸಲಿಕ್ಕೆ 20 ಅಂಕ, ಅದರ ಬೆಂಬಲದ ಎರಡು ಮೂರು ವಿದ್ಯೆಗಳಿಗೆ ತಲಾ 20 ಅಂಕ ಎಂದು ಲೆಕ್ಕವು ಮೊದಲೇ ಕಟ್ಟಿಹೋಗಿ, ಆಯ್ಕೆಯೆಂಬದು ಮತ್ತೊಂದು ಬಾಗಿಲಿನಿಂದ ಹೊರಬಿದ್ದಿತು. ಅದೇ ಪಾಠದಲ್ಲಿ ‘ಎನಿಗ್ಮಾ’ ಎಂಬ ಕವಚವು ಬಂದಿತು. ಅದನ್ನು ತೊಟ್ಟವರೆಲ್ಲರಿಗೂ ಮಾಟಗಾತಿಯ ಮಾಯದ ವಿದ್ಯೆಯು ಸಿದ್ಧಿಸುವದು. ಒಬ್ಬಳಿಗಿದ್ದ ಅತಿಶಯವನ್ನು ತಗ್ಗಿಸುವ ಬದಲು ಎಲ್ಲರಿಗೂ ಹಂಚಿದ್ದರಿಂದ, ಏಳು ವೇಷಗಳ ಏಳು ನಡಿಗೆಗಳು ಒಂದೇ ನಡಿಗೆಯಾದವು. ಆ ಕವಚಕ್ಕೂ ‘ಜಾ’, ‘ಬೆರ್’ ಎಂಬ ವಿರಳವಾದ ಕಲ್ಲುಗಳೇ ಬೇಕು.

ಹಾಕಿದ ವಿದ್ಯಾಂಕವನ್ನು ಮರಳಿ ತೆಗೆಯಲಿಕ್ಕೆ 2010ರ ವರೆಗೆ ಆಸ್ಪದವೇ ಇರಲಿಲ್ಲ. ಇದರ ವಿಷಯದಲ್ಲಿ ಒಮ್ಮೆಲೆ ದೋಷ ಹೊರಿಸುವದು ಸರಿಯಲ್ಲ. ಮರಳಿ ಪಡೆಯಲಾಗದ ಆಯ್ಕೆಗೆ ಒಂದು ಗಾಂಭೀರ್ಯವಿದೆ. ಬಿಟ್ಟ ಬಾಣವು ಬತ್ತಳಿಕೆಗೆ ಬರಬಾರದು. ಆದರೆ ಬಾಣ ಬಿಡುವವನಿಗೆ ಗುರಿಯಾದರೂ ಕಾಣಬೇಕಷ್ಟೆ? ಮೊದಲ ಸುತ್ತಿನಲ್ಲಿ ಬೆಂಕಿಯನ್ನು ಆರಿಸುವವನಿಗೆ ಮೂರನೆಯ ಸುತ್ತಿನಲ್ಲಿ ಬೆಂಕಿ ತಗಲದವರಿದ್ದಾರೆಂದು ಆಟವು ಎಲ್ಲಿಯೂ ಸೂಚಿಸುವದಿಲ್ಲ. 2003ರಲ್ಲಿ ನಿಯಮಗಳೇ ಬದಲಾದಾಗ, ಹಳೆಯ ನಿಯಮಗಳನ್ನು ನಂಬಿ ವರ್ಷಗಟ್ಟಲೆ ಬೆಳೆಸಿದ ವೇಷಗಳಿಗೆ ತಮ್ಮ ಅಂಕಗಳನ್ನು ಮರುಹಂಚಿಕೊಳ್ಳುವ ದಾರಿಯನ್ನು ಕೊಡಲಿಲ್ಲ. 2010ರ 1.13ನೆಯ ಪಾಠವು ಸುತ್ತಿಗೊಮ್ಮೆ ಆ ದಾರಿಯನ್ನು ಕೊಟ್ಟಿತು, ಮೇಲೆ ಹೇಳಿದ ಶಾಪವನ್ನೂ ಆ ಯೋಧರಿಂದ ಕಿತ್ತುಕೊಂಡಿತು. ಒಂದು ದಶಕದ ದೂರನ್ನು ಕರ್ತೃಗಳೇ ನ್ಯಾಯವೆಂದು ಒಪ್ಪಿದಂತಾಯಿತು.

ಈ ಆಟದ ಪಕ್ಷಪಾತಿಗಳ ವಾದವನ್ನೂ ಕೇಳಬೇಕು. ‘ಬೀಸುವದರಲ್ಲಿಯೇ ಸುಖವಿದೆ, ಮುಂದಿನ ಪಿಶಾಚಿಯ ಬದಿಯಲ್ಲಿ ಏನು ಬೀಳುವದೋ ಎಂಬ ಕುತೂಹಲವೇ ರಸ’ ಎಂದು ಅವರು ಹೇಳುತ್ತಾರೆ. ಕುತೂಹಲವಿರುವದು ದಿಟ, ಅದು ಕವಡೆಯನ್ನು ಕೈಯಲ್ಲಿ ಕುಲುಕುವಾಗಿನ ಕುತೂಹಲ. ಆದರೆ ಚೌಕಾಬಾರದಲ್ಲಿ ಕವಡೆ ಬಿದ್ದಮೇಲೆ ಆಟಗಾರನ ಕೆಲಸವು ಆರಂಭವಾಗುವದು: ಯಾವ ಕಾಯಿಯನ್ನು ನಡೆಸಲಿ, ಯಾವುದನ್ನು ಕಟ್ಟೆಯಲ್ಲಿ ಕಾಯಲಿ, ಎದುರಿನವನ ಯಾವ ಕಾಯಿಯನ್ನು ಹೊಡೆಯಲಿ ಎಂದು ಅವನು ಯೋಚಿಸಬೇಕು. ಕೆಟ್ಟ ಗರವನ್ನೂ ಜಾಣನು ಉಪಯೋಗಿಸಬಲ್ಲನು. ಮೆಫಿಸ್ಟೊನ ಬದಿಯಲ್ಲಿ ಬಿದ್ದದ್ದು ಕಸವಾದರೆ ಯಾವ ಜಾಣತನವೂ ಅದನ್ನು ಕಸವಲ್ಲದಂತೆ ಮಾಡಲಾರದು. ಆಟವನ್ನು ಬಿಟ್ಟು ಮತ್ತೆ ಹೊಕ್ಕು ಅವನನ್ನು ಇನ್ನೊಮ್ಮೆ ಕೊಲ್ಲುವದೊಂದೇ ಉಳಿದ ನಡೆ. ಧರ್ಮರಾಯನ ಜೂಜಿನಲ್ಲಿ ಸಹ ಒಡ್ಡುವ ಪಣವನ್ನು ಆರಿಸುವಷ್ಟು ಸ್ವಾತಂತ್ರ್ಯವಿತ್ತು.

ಈ ವಾದಕ್ಕೆ ಪ್ರಬಲವಾದ ಉತ್ತರವನ್ನು ಆಟಗಾರರೇ ಕೊಟ್ಟಿದ್ದಾರೆ. ಐದನೆಯ ಅಂಕದ ಊರಿನ ಪಕ್ಕದಲ್ಲಿಯೇ ಪಿಂಡಲ್‌ಸ್ಕಿನ್ ಎಂಬ ಪಿಶಾಚಿಯೊಂದಿದೆ. ಕೆಂಪು ಬಾಗಿಲನ್ನು ಹಾಯ್ದರೆ ಸಾಕು, ಕೊಲ್ಲಬಹುದು. ಅದನ್ನು ಹಗಲಿರುಳು ತಾನಾಗಿಯೇ ಕೊಂದು ವಸ್ತುಗಳನ್ನು ಆಯ್ದು ತರುವ ಬಾಟ್ ಎಂಬ ಯಂತ್ರಲೇಖನಗಳನ್ನು ಕೆಲವರು ಬರೆದು, ತಾವು ಮಲಗಿದಾಗ ಅವುಗಳಿಂದ ಆಡಿಸಿದರು. ಹಿಟ್ಟಿನ ಗಿರಣಿಯು ಹಳ್ಳಿಗೆ ಬಂದಾಗ ಹೆಣ್ಣುಮಕ್ಕಳು ಜೋಳದ ಬುಟ್ಟಿಯನ್ನು ತಲೆಯ ಮೇಲಿಟ್ಟು ಅತ್ತ ನಡೆದರು. ಅದರಲ್ಲಿ ವಿರೋಧಾಭಾಸವೇನೂ ಇಲ್ಲ, ಬೇಕಾದದ್ದು ಹಿಟ್ಟು. ಆದರೆ ಆಟವನ್ನು ಕೊಂಡವನಿಗೆ ಬೇಕಾದದ್ದು ಆಟವೇ. ಆಡುವದನ್ನೇ ಯಂತ್ರಕ್ಕೆ ಒಪ್ಪಿಸಿ, ಆಡಿದ್ದರ ಫಲವನ್ನು ಮಾತ್ರ ಬೆಳಿಗ್ಗೆ ಎದ್ದು ಎಣಿಸಿಕೊಳ್ಳುವ ಸ್ಥಿತಿಗೆ ಬಂದವನು, ತಾನು ಮಾಡುತ್ತಿದ್ದುದು ಆಟವಾಗಿರಲಿಲ್ಲವೆಂದು ಸಾಕ್ಷಿ ನುಡಿದಂತೆಯೇ ಸರಿ. ಕೂಲಿಯಿಲ್ಲದ ಕೂಲಿಕೆಲಸವೆಂದು ಅದನ್ನು ಕರೆಯಬಹುದು. ಕಟುವಾಯಿತೆಂದು ಯಾರಾದರೂ ಅಂದಾರು. ಇಪ್ಪತ್ತರ ಹರೆಯದ ಎಷ್ಟೋ ರಾತ್ರಿಗಳ ಲೆಕ್ಕವನ್ನು ಹಿಡಿದರೆ ಅಷ್ಟು ಕಟುವಲ್ಲ.

2021ರ ಸಪ್ಟಂಬರದಲ್ಲಿ ‘ರಿಸರೆಕ್ಟೆಡ್’ ಎಂಬ ಹೆಸರಿನಿಂದ ಚಿತ್ರಗಳನ್ನೆಲ್ಲ ಹೊಸದಾಗಿ ಬರೆಯಿಸಿದ ಆವೃತ್ತಿಯು ಬಂದಿತು. ಮೊದಲಿಗೆ ನಿಯಮಗಳು ಹಳೆಯವೇ ಇದ್ದವು; 2022ರಲ್ಲಿ ಎರಡು ಸಲ ತಿದ್ದಿದರು. ಏಪ್ರಿಲಿನಲ್ಲಿ ದುರ್ಬಲವಾಗಿದ್ದ ಎಷ್ಟೋ ವಿದ್ಯೆಗಳಿಗೆ ಬಲ ಬಂದಿತು. ಸಪ್ಟಂಬರದಲ್ಲಿ ಅಭೇದ್ಯತೆಯನ್ನು ಒಡೆಯುವ ತಾಯತಗಳು ಬಂದವು. ಆದರೆ ಕಟ್ಟಿಕೊಂಡವನ ರಕ್ಷಣೆಯನ್ನು ಅವು ತಗ್ಗಿಸುವವು. ಲಾಭಕ್ಕೆ ತಕ್ಕ ನಷ್ಟವನ್ನು ಮುಂದಿಟ್ಟು ಆರಿಸೆನ್ನುವ ಈ ಉಪಾಯವು ಹುಲಿ-ಕುರಿಯ ಕರ್ತೃವು ಮೆಚ್ಚತಕ್ಕಂಥದು. ಬೀಸುವವರು ಒಂದೇ ಮೂಲೆಯಲ್ಲಿ ಸುತ್ತದೆ ನಾಡೆಲ್ಲ ತಿರುಗಲೆಂದು, ಸರದಿಯ ಮೇಲೆ ಒಂದೊಂದು ಪ್ರದೇಶದ ವೈರಿಗಳನ್ನು ಪ್ರಬಲಗೊಳಿಸುವ ಏರ್ಪಾಡೂ ಆಗ ಬಂದಿತು. ಇದರಿಂದ ಬೀಸುವದು ನಿಲ್ಲಲಿಲ್ಲ. ಕಲ್ಲನ್ನು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಹಿತ್ತಲಿಗೆ ಎತ್ತಿಟ್ಟಂತಾಯಿತು. ಗಾಳಿಯಾದರೂ ಬದಲಾಯಿತೆಂದು ಸಮಾಧಾನಪಡಬಹುದು.

ಇಷ್ಟಾದರೂ ಈ ಕೃತಿಯನ್ನು ನೋಡಲೇ ಬಾರದೆಂದು ಹೇಳಿದರೆ ಮೊದಲನೆಯ ಅಂಕಕ್ಕೆ ಅಪಚಾರವಾದೀತು. ಆಸಕ್ತರು 2022ರ ತಿದ್ದುಪಡಿಗಳು ಸೇರಿದ ಆವೃತ್ತಿಯನ್ನೇ ತರಿಸಿಕೊಳ್ಳುವದು ಲೇಸು. ಮೊದಲನೆಯ ಸುತ್ತನ್ನು ಬಾಲ್ ಬೀಳುವ ವರೆಗೆ ಅವಸರವಿಲ್ಲದೆ ಆಡಬೇಕು. ಟ್ರಿಸ್ಟ್ರಮ್ಮಿನಲ್ಲಿ ತುಸು ಹೊತ್ತು ನಿಲ್ಲಬೇಕು. ಎರಡನೆಯ ಸುತ್ತಿನಲ್ಲಿ ಮೊದಲ ಒಂದೆರಡು ಅಂಕಗಳ ಮಟ್ಟಿಗೆ ಸ್ವಾರಸ್ಯವು ಉಳಿದಿರುವದು. ಮೂರನೆಯದನ್ನು ಬಿಟ್ಟರೆ ಕಥೆಯಲ್ಲಾಗಲಿ ಸಂಗೀತದಲ್ಲಾಗಲಿ ಕಳೆದುಕೊಳ್ಳುವದು ಏನೂ ಇಲ್ಲ. ವಿದ್ಯಾಂಕಗಳನ್ನು ಮರಳಿ ಹಂಚಿಕೊಡುವವಳು ಬಿಡಾರದ ಅಕಾರಾ ಎಂಬ ಪೂಜಾರಿಣಿ. ಸುತ್ತಿಗೊಮ್ಮೆ ಮಾತ್ರ ಕೊಡುವಳಾದ್ದರಿಂದ, ಅವಳಲ್ಲಿ ಕೇಳುವದನ್ನು 30ನೆಯ ಮೆಟ್ಟಿಲಿನ ತನಕ ತಡೆದಿಟ್ಟುಕೊಳ್ಳುವದು ಒಳ್ಳೆಯದು.